ಗಂಗಾಮೂಲದ ಹುಡುಗಿ, ಪುಣೆಯ ರಮಾಬಾಯಿ: ನಂಬಿಕೆ ಮನೆಯೊಳಗೇ ಇರಬೇಕಾ?

ನಮಸ್ಕಾರ ಎಲ್ಲರಿಗೂ. "ನೀವು ಕ್ರಿಶ್ಚಿಯನ್ನರಾ? ಹಾಗಾದ್ರೆ ಗೋವಾದವರಾ?" ಮುಂಬೈ, ಪುಣೆಯಲ್ಲಿರುವ ನಮ್ಮಂಥ ಕನ್ನಡದ ಕ್ರೈಸ್ತರಿಗೆ ಈ ಪ್ರಶ್ನೆ ಹೊಸದೇನಲ್ಲ. ಕಲಬುರ್ಗಿ ಕಡೆಯವರು ಅಂದರೆ ಎದುರಿಗಿದ್ದವರಿಗೆ ಗೊಂದಲ. ಕನ್ನಡದವರೇ ಎಷ್ಟೋ ಜನ ಕೇಳುತ್ತಾರೆ, "ಮನೇಲಿ ಇಂಗ್ಲಿಷಾ, ಕೊಂಕಣಿನಾ?" ಕನ್ನಡದಲ್ಲೇ ಪ್ರಾರ್ಥನೆ ಮಾಡುತ್ತೇವೆ, ಸತ್ಯವೇದ (ಬೈಬಲ್) ಓದುತ್ತೇವೆ ಅಂದರೆ ಅಚ್ಚರಿಪಡುತ್ತಾರೆ.

ಕೇಳುವವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಈ ಪ್ರಶ್ನೆಯ ಹಿಂದೆ ಒಂದು ಎಣಿಕೆ ಇದೆ, ಕ್ರೈಸ್ತರು ಅಂದರೆ ಎಲ್ಲ ಒಂದೇ ಥರ ಅಂತ. ಅದನ್ನು ಬಿಡಿಸಿ ನೋಡೋಣ.

[ಪರದೆಯಲ್ಲಿ: ಮುಂಬೈ ನಕ್ಷೆ]

ವಸಾಯಿ, ಬಾಂದ್ರಾ ಕಡೆಯ "ಈಸ್ಟ್ ಇಂಡಿಯನ್" ಅನ್ನುವ ಕಥೋಲಿಕ ಸಮುದಾಯದವರು ಈ ನೆಲದ ಹಳೆಯ ಜನ. ಅವರ ಮನೆಮಾತು ಮರಾಠಿಯದ್ದೇ ಒಂದು ಬಗೆ. ಗೋವಾದವರು, ಮಂಗಳೂರಿನವರು ಇಬ್ಬರೂ ಕೊಂಕಣಿ ಆಡುವ ಕಥೋಲಿಕರು, ಆದರೆ ಒಬ್ಬರ ಕೊಂಕಣಿ ಇನ್ನೊಬ್ಬರದ್ದಲ್ಲ. ಕೇರಳದ ಮಾರ್ ತೋಮಾ ಮತ್ತು ಆರ್ಥೊಡಾಕ್ಸ್ ಸಭೆಗಳಿವೆ (ಸಭೆ ಅಂದರೆ ನಮ್ಮಲ್ಲಿ ಚರ್ಚು), ತಮಿಳು, ತೆಲುಗು ಸಭೆಗಳಿವೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನ ಪರಂಪರೆಯ ತುಳು, ಕನ್ನಡ ಪ್ರೊಟೆಸ್ಟೆಂಟರಿದ್ದಾರೆ. ಬೀದರ್, ಕಲಬುರ್ಗಿ ಕಡೆಯ ಮೆಥೊಡಿಸ್ಟರು ನಾವು. ಇನ್ನು ಭಾನುವಾರ ಒಂದು ಹಾಲ್ ಬಾಡಿಗೆಗೆ ಹಿಡಿದು, ಗಂಟೆಗಟ್ಟಲೆ ಹಾಡಿ ಪ್ರಾರ್ಥಿಸುವ ಪೆಂಟೆಕೋಸ್ಟಲ್ ಸಭೆಗಳು.

ಇವರಲ್ಲಿ ಒಬ್ಬರು ಮರಿಯಮ್ಮನವರ ಮುಂದೆ ಮೊಂಬತ್ತಿ ಹಚ್ಚುತ್ತಾರೆ, ಇನ್ನೊಬ್ಬರು ಮೂರ್ತಿಯೇ ಬೇಡ ಅನ್ನುತ್ತಾರೆ. ಮಗುವಿಗೆ ದೀಕ್ಷಾಸ್ನಾನ, ಅಂದರೆ ಕ್ರೈಸ್ತರಾಗಿ ಸೇರಿಸಿಕೊಳ್ಳುವ ಸ್ನಾನ, ಕೊಡಬಹುದಾ ಅನ್ನುವುದರಲ್ಲೂ ಒಮ್ಮತ ಇಲ್ಲ. ಇನ್ನು ಬುಧವಾರ ಮಾಹಿಮ್ ಚರ್ಚಿನ ನೊವೇನಾ ಪ್ರಾರ್ಥನೆಗೆ, ಸೆಪ್ಟೆಂಬರಿನಲ್ಲಿ ಮೌಂಟ್ ಮೇರಿ ಜಾತ್ರೆಗೆ ಬರುವವರಲ್ಲಿ ಕ್ರೈಸ್ತರಲ್ಲದವರೂ ಬೇಕಾದಷ್ಟು ಜನ. ಇಷ್ಟು ಬಗೆಯ ಜನರನ್ನು ಒಂದೇ ವೋಟ್ ಬ್ಯಾಂಕ್ ಅಂತ ಕರೆಯುವಾಗ ನನಗೆ ನಿಜವಾಗಿ ಬೇಜಾರಾಗುತ್ತದೆ. ಹಾಗೆ ಕರೆಯುವವರಲ್ಲಿ ನಮ್ಮವರೂ ಇದ್ದಾರೆ.

ಸರಿ. ಇವತ್ತು ನಾನು ಜಾಸ್ತಿ ಹೇಳಬೇಕು ಅಂದುಕೊಂಡಿರುವುದು ಒಬ್ಬ ಹೆಂಗಸಿನ ಬಗ್ಗೆ. ನಂಬಿಕೆ ಸ್ವಂತದ್ದಾದರೆ ಅದು ಊರಿನ ನಡುವೆ ಹೇಗೆ ನಿಲ್ಲುತ್ತದೆ ಅಂತ ಯಾರಾದರೂ ಕೇಳಿದರೆ ನನಗೆ ಮೊದಲು ನೆನಪಾಗುವ ಹೆಸರು ಪಂಡಿತಾ ರಮಾಬಾಯಿ.

[ಪರದೆಯಲ್ಲಿ: ರಮಾಬಾಯಿ ಅವರ ಚಿತ್ರ]

ಮಹಾರಾಷ್ಟ್ರದಲ್ಲಿ ಅವರ ಹೆಸರು ಗೊತ್ತಿರುವವರು ತುಂಬ ಜನ. ಆದರೆ ಅವರು ಹುಟ್ಟಿದ್ದು ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ, ತುಂಗಾ, ಭದ್ರಾ ಹುಟ್ಟುವ ಕಾಡಿನಲ್ಲಿ, 1858ರಲ್ಲಿ. ಅಪ್ಪ ಅನಂತ ಶಾಸ್ತ್ರಿ ಡೋಂಗ್ರೆ ದೊಡ್ಡ ವಿದ್ವಾಂಸರು. ಹೆಂಗಸರಿಗೆ ಸಂಸ್ಕೃತ ಕಲಿಸಬಾರದು ಅನ್ನುವ ಕಾಲದಲ್ಲಿ ಹೆಂಡತಿಗೆ ಕಲಿಸಿದರು, ಅದಕ್ಕೆ ವಿರೋಧ ಎದುರಿಸಿದರು. ಆ ತಾಯಿಯೇ ಮಗಳಿಗೆ ಕಲಿಸಿದ್ದು. ಕುಟುಂಬ ಊರೂರು ತಿರುಗಿ ಪುರಾಣ ಓದುತ್ತಾ ಬದುಕಿತು, ಹಾಗೆ ತಿರುಗುವಾಗಲೇ ರಮಾಬಾಯಿ ಕನ್ನಡವನ್ನೂ ಕಲಿತರು. ಬರಗಾಲದಲ್ಲಿ ಅಪ್ಪ ಅಮ್ಮ ಇಬ್ಬರೂ ಹೋದರು. ಅಣ್ಣನ ಜೊತೆ ನಡೆದು ನಡೆದು ಕಲ್ಕತ್ತಾ ಸೇರಿದಾಗ ಅಲ್ಲಿನ ಪಂಡಿತರು ಅವರನ್ನು ಪರೀಕ್ಷಿಸಿ "ಪಂಡಿತಾ", "ಸರಸ್ವತಿ" ಅಂತ ಬಿರುದು ಕೊಟ್ಟರು. ಆಗ ವಯಸ್ಸು ಇಪ್ಪತ್ತು.

ಬಂಗಾಳದ ಒಬ್ಬ ವಕೀಲರನ್ನು ಜಾತಿ ಮೀರಿ ಮದುವೆಯಾದರು. ಎರಡು ವರ್ಷ ತುಂಬುವುದರೊಳಗೆ ಗಂಡ ತೀರಿಕೊಂಡರು. ಕೈಯಲ್ಲಿ ಹಸುಗೂಸು ಮನೋರಮಾ. 1882ರಲ್ಲಿ ಪುಣೆಗೆ ಬಂದು ಆರ್ಯ ಮಹಿಳಾ ಸಮಾಜ ಕಟ್ಟಿದರು. ಅದೇ ವರ್ಷ, ಶಿಕ್ಷಣದ ಸ್ಥಿತಿ ನೋಡಲು ಸರ್ಕಾರ ನೇಮಿಸಿದ್ದ ಹಂಟರ್ ಆಯೋಗದ ಮುಂದೆ ನಿಂತು, ನಮ್ಮ ಹೆಂಗಸರಿಗೆ ಹೆಂಗಸರೇ ಡಾಕ್ಟರಾಗಬೇಕು, ಟೀಚರಾಗಬೇಕು ಅಂತ ಹೇಳಿದರು. ಮರುವರ್ಷ ಇಂಗ್ಲೆಂಡಿಗೆ ಹೋದರು, ಅಲ್ಲಿ ದೀಕ್ಷಾಸ್ನಾನ ತೆಗೆದುಕೊಂಡರು.

ಕಥೆ ಇಲ್ಲಿಗೆ ಮುಗಿಯಿತು, ಮತ ಬದಲಾಯಿಸಿದರು ಅಷ್ಟೇ, ಅಂದುಕೊಳ್ಳುವವರು ಎರಡೂ ಕಡೆ ಇದ್ದಾರೆ. ನನಗೆ ಅವರು ದೊಡ್ಡವರಾಗಿ ಕಾಣುವುದು ಇದರ ನಂತರದ ದಿನಗಳಲ್ಲಿ.

ಇಂಗ್ಲೆಂಡಿನಲ್ಲಿ ಅವರನ್ನು ನೋಡಿಕೊಂಡವರು ಆಂಗ್ಲಿಕನ್ ಸಿಸ್ಟರ್‌ಗಳು. ಚರ್ಚು ಹೇಳಿದ್ದನ್ನೆಲ್ಲ ಒಪ್ಪಬೇಕು ಅಂತ ಅವರ ಆಸೆ. ರಮಾಬಾಯಿ ಒಪ್ಪಲಿಲ್ಲ. ತಂದೆ, ಮಗ, ಪವಿತ್ರಾತ್ಮ ಮೂವರೂ ಒಬ್ಬನೇ ದೇವರು ಅನ್ನುವ ತ್ರಿತ್ವದ ಬಗ್ಗೆ ಪ್ರಶ್ನೆ ಕೇಳಿದರು. ಶಿಲುಬೆಯ ಮೇಲೆ ಲ್ಯಾಟಿನ್ ಯಾಕೆ, ಸಂಸ್ಕೃತ ಬರೆಯಬಾರದಾ ಅಂದರು. ಸಸ್ಯಾಹಾರ ಬಿಡಲಿಲ್ಲ. ಒಂದು ಪುರೋಹಿತಶಾಹಿಯ ನೊಗ ಕಷ್ಟಪಟ್ಟು ಕಳಚಿ ಬಂದವಳು ನಾನು, ಇನ್ನೊಂದಕ್ಕೆ ಕುತ್ತಿಗೆ ಕೊಡಲಾರೆ ಅನ್ನುವ ಅರ್ಥದಲ್ಲಿ ಕಾಗದ ಬರೆದರು. ಯೋಚಿಸಿ, ಪರದೇಶ, ಕೈಯಲ್ಲಿ ಕಾಸಿಲ್ಲ, ಅನ್ನ ಹಾಕುತ್ತಿರುವವರಿಗೇ ಈ ಮಾತು! ದೀಕ್ಷಾಸ್ನಾನವಾಗಿ ಎಷ್ಟೋ ವರ್ಷದ ಮೇಲೆ, ನನಗೆ ಆಗ ಸಿಕ್ಕಿದ್ದು ಕ್ರೈಸ್ತ ಧರ್ಮ ಮಾತ್ರ, ಕ್ರಿಸ್ತ ಸಿಕ್ಕಿದ್ದು ಆಮೇಲೆ ಅಂತ ಅವರೇ ಬರೆದುಕೊಂಡರು.

ಈಗ ಕಷ್ಟದ ಭಾಗ. 1889ರಲ್ಲಿ ಮುಂಬೈನ ಚೌಪಾಟಿ ಹತ್ತಿರ ಶಾರದಾ ಸದನ ಶುರು ಮಾಡಿದರು. ವಿಧವೆಯರಿಗೆ ಶಾಲೆ, ವಸತಿ. ಮರುವರ್ಷ ಅದು ಪುಣೆಗೆ ಬಂತು. ಯಾರ ಧರ್ಮಕ್ಕೂ ಕೈ ಹಾಕುವುದಿಲ್ಲ ಅನ್ನುವುದು ಶಾಲೆಯ ಮಾತು. ಆದರೆ ರಮಾಬಾಯಿ ಬಾಗಿಲು ತೆರೆದಿಟ್ಟು ಪ್ರಾರ್ಥನೆ ಮಾಡುತ್ತಿದ್ದರು, ಕೆಲವು ಹುಡುಗಿಯರು ಬಂದು ಕೂರತೊಡಗಿದರು. 1893ರಲ್ಲಿ ದೊಡ್ಡ ಗಲಾಟೆಯೇ ಆಯಿತು. ತಿಲಕರ "ಕೇಸರಿ" ಪತ್ರಿಕೆ ಕಟುವಾಗಿ ಬರೆಯಿತು. ಸಲಹಾ ಸಮಿತಿಯಲ್ಲಿದ್ದ ಸಮಾಜ ಸುಧಾರಕರಾದ ರಾನಡೆ, ಭಂಡಾರ್ಕರ್ ಹೊರಬಂದರು. ಪೋಷಕರು ಮಕ್ಕಳನ್ನು ಬಿಡಿಸಿಕೊಂಡು ಹೋದರು.

ಪೋಷಕರ ಭಯ ಸುಳ್ಳು ಅಂತ ನಾನು ಹೇಳುವುದಿಲ್ಲ. ಗತಿಯಿಲ್ಲದ ಹುಡುಗಿ, ಅನ್ನ ಕೊಡುವ ಗುರು, ಅಲ್ಲಿ "ಇಷ್ಟ" ಅನ್ನುವುದು ಎಷ್ಟು ಸ್ವತಂತ್ರ ಅನ್ನುವ ಪ್ರಶ್ನೆ ನ್ಯಾಯವಾದದ್ದು, ಇವತ್ತಿಗೂ ಅದನ್ನು ಕೇಳಬೇಕು. ಜೊತೆಗೆ ಇದೂ ಗೊತ್ತಿರಲಿ. ಅದೇ ಸದನದಲ್ಲಿ ಓದಿದ ಗೋದೂಬಾಯಿ ಅನ್ನುವ ವಿಧವೆ ತನ್ನ ಹಿಂದೂ ಮತ ಬಿಡಲಿಲ್ಲ. 1893ರಲ್ಲಿ ಧೋಂಡೊ ಕೇಶವ ಕರ್ವೆಯವರನ್ನು ಮದುವೆಯಾಗಿ ಆನಂದಿಬಾಯಿ ಕರ್ವೆ ಆದರು. ಹೆಣ್ಣುಮಕ್ಕಳ ಓದಿಗಾಗಿ ಕರ್ವೆಯವರು ಮಾಡಿದ ಕೆಲಸ ನಿಮಗೆ ಗೊತ್ತೇ ಇದೆ, ಅಲ್ವಾ?

ಇನ್ನು 1897, ಪುಣೆಯಲ್ಲಿ ಪ್ಲೇಗ್. ಕ್ರೈಸ್ತಳಾದ ಮೇಲೆ ಬ್ರಿಟಿಷರ ಪಕ್ಷ ಅಂತ ಊರು ಅಂದುಕೊಂಡಿತ್ತು. ಪ್ಲೇಗ್ ಆಸ್ಪತ್ರೆಯಲ್ಲಿ, ಕ್ಯಾಂಪಿನಲ್ಲಿ ಹೆಂಗಸರನ್ನು ನಡೆಸಿಕೊಳ್ಳುವ ರೀತಿ ಸರಿಯಿಲ್ಲ ಅಂತ "ಬಾಂಬೆ ಗಾರ್ಡಿಯನ್" ಪತ್ರಿಕೆಗೆ ಕಾಗದ ಬರೆದು ಸರ್ಕಾರವನ್ನೇ ಎದುರು ಹಾಕಿಕೊಂಡವರು ಇದೇ ರಮಾಬಾಯಿ. ಅಲ್ಲಿ ತಿಲಕರಿಗೂ ಬೇಡ, ಇಲ್ಲಿ ಗವರ್ನರಿಗೂ ಬೇಡ. ನಂಬಿಕೆಯನ್ನು ಇನ್ನೊಬ್ಬರಿಂದ ಸಾಲ ತಂದಿರಲಿಲ್ಲ ಅವರು. ಅದಕ್ಕೇ ಹೀಗೆ ಒಂಟಿಯಾಗಿ ನಿಲ್ಲುವ ಧೈರ್ಯ ಬಂತು ಅಂತ ನಾನು ನಂಬುತ್ತೇನೆ.

ಬರಗಾಲದಿಂದ ತಪ್ಪಿಸಿ ಕರೆತಂದ ಹೆಣ್ಣುಮಕ್ಕಳಿಗೆ ಪುಣೆಯಿಂದ ದೌಂಡ್‌ಗೆ ಹೋಗುವ ದಾರಿಯ ಕೇಡಗಾಂವ್‌ನಲ್ಲಿ ಮುಕ್ತಿ ಮಿಷನ್ ಕಟ್ಟಿದರು. ನೇಯ್ಗೆ, ಗಾಣ, ಅಚ್ಚುಕೂಟ, ಕುರುಡರಿಗೆ ಬ್ರೈಲ್ ಪಾಠ, ಎಲ್ಲ ಹೆಂಗಸರದ್ದೇ ಕೆಲಸ. 1905ರಲ್ಲಿ ಅಲ್ಲಿ ಹುಡುಗಿಯರ ನಡುವೆ ದೊಡ್ಡ ಉಜ್ಜೀವನವೇ, ಅಂದರೆ ನಂಬಿಕೆಯ ಹೊಸ ಅಲೆಯೇ, ನಡೆಯಿತು. ಪೆಂಟೆಕೋಸ್ಟಲ್ ಚಳವಳಿಯ ಹುಟ್ಟೂರು ಅಂತ ಎಲ್ಲರೂ ತೋರಿಸುವ ಲಾಸ್ ಏಂಜಲೀಸ್ ಸಭೆಗಳು ಶುರುವಾಗಿದ್ದು 1906ರಲ್ಲಿ. ಇದೆಲ್ಲ ಅಮೆರಿಕದಿಂದ ಬಂದದ್ದು ಅನ್ನುವವರಿಗೆ ಈ ಎರಡು ವರ್ಷಗಳನ್ನು ತೋರಿಸಿ.

[ಪರದೆಯಲ್ಲಿ: ಮುಂಬೈ, 1967]

ಇನ್ನೊಬ್ಬರನ್ನು ಬೇಗ ಹೇಳಿಬಿಡುತ್ತೇನೆ. ಮಂಗಳೂರಿನ ಜಾರ್ಜ್ ಫರ್ನಾಂಡಿಸ್. ಪಾದ್ರಿಯಾಗಲಿ ಅಂತ ಮನೆಯವರು ಬೆಂಗಳೂರಿನ ಸೆಮಿನರಿಗೆ ಕಳಿಸಿದರು. ಅಲ್ಲಿ ಮೇಲಿನವರಿಗೊಂದು ಊಟ, ಹುಡುಗರಿಗೊಂದು ಊಟ. ಬೋಧನೆಗೂ ನಡತೆಗೂ ಹೊಂದುತ್ತಿಲ್ಲ ಅಂತ ಬಿಟ್ಟು ಬಂದರು, ಮುಂಬೈಗೆ ಬಂದು ಚೌಪಾಟಿಯಲ್ಲಿ ಮಲಗಿದರು, ಕಾರ್ಮಿಕರ ಸಂಘ ಕಟ್ಟಿದರು, 1967ರ ಚುನಾವಣೆಯಲ್ಲಿ ಮುಂಬೈ ಕಾಂಗ್ರೆಸ್ಸಿನ ದೊಡ್ಡ ನಾಯಕ ಎಸ್.ಕೆ. ಪಾಟೀಲರನ್ನೇ ಸೋಲಿಸಿದರು. ಅವರನ್ನು ಚರ್ಚಿನ ಮನುಷ್ಯ ಅನ್ನಲು ಆಗುವುದಿಲ್ಲ. ಆದರೆ ಸೆಮಿನರಿಯ ಊಟದ ಮೇಜಿನ ಮೇಲೆ ಅವರಿಗೆ ಬಂದ ಸಿಟ್ಟು ಸುವಾರ್ತೆ ಓದಿದವರಿಗೆ ಬರಲೇಬೇಕಾದ ಸಿಟ್ಟು.

ಅದೇ ಸಿಟ್ಟು ಇವತ್ತು ನಮ್ಮ ಸಭೆಗಳಿಗೆ ಬೇಕು. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಪರಿಶಿಷ್ಟ ಜಾತಿ ಅನ್ನಿಸಿಕೊಳ್ಳಲು ಹಿಂದೂ ಆಗಿರಬೇಕಿತ್ತು. 1956ರಲ್ಲಿ ಸಿಖ್ಖರು, 1990ರಲ್ಲಿ ಬೌದ್ಧರು ಸೇರಿದರು. ದಲಿತ ಕ್ರೈಸ್ತರಿಗೆ, ದಲಿತ ಮುಸ್ಲಿಮರಿಗೆ ಆ ಬಾಗಿಲು ತೆರೆಯಲಿಲ್ಲ. ಬೀದರ್, ಕಲಬುರ್ಗಿ ಕಡೆಯಿಂದ ಬಂದ ನಮ್ಮ ಎಷ್ಟೋ ಮನೆಗಳಿಗೆ ಇದು ಕಾಲೇಜ್ ಸೀಟಿನ, ಕೆಲಸದ ಪ್ರಶ್ನೆ. ಸರ್ಕಾರವನ್ನು ಕೇಳೋಣ, ಖಂಡಿತ ಕೇಳೋಣ. ಆದರೆ ಮದುವೆ ಮಾತು ಬಂದಾಗ ನಮ್ಮ ಸಭೆಗಳಲ್ಲೇ "ಯಾವ ಕಡೆಯವರು" ಅಂತ ಮೆಲ್ಲಗೆ ವಿಚಾರಿಸುತ್ತಾರಲ್ಲ, ಅದನ್ನೂ ಅಷ್ಟೇ ಜೋರಾಗಿ ಕೇಳಬೇಕು. ಭಾನುವಾರ ಆರಾಧನೆ ಮುಗಿದ ಮೇಲೆ, ಸಭಾಪಾಲಕರ ಎದುರಿಗೇ.

ಮುಂದಿನ ವಿಡಿಯೋ ಮನೋರಮಾ ಬಗ್ಗೆ. ತಾಯಿ ಮಗಳು ಸೇರಿ ಕಲಬುರ್ಗಿಯಲ್ಲೂ ಒಂದು ಕ್ರೈಸ್ತ ಹೈಸ್ಕೂಲ್ ಕಟ್ಟಿದ್ದರು, ಆಗ ಅದು ನಿಜಾಮರ ಸೀಮೆ. ನಿಮ್ಮ ಅಜ್ಜಿ, ಮುತ್ತಜ್ಜಿ ಯಾರಾದರೂ ಅಲ್ಲಿ ಓದಿದ್ದರೆ, ಒಂದು ಹಳೆಯ ಫೋಟೊ ಇದ್ದರೂ ಸಾಕು, ನನಗೆ ಕಳಿಸಿ.