ಹಾಸಿಗೆಯ ಪಕ್ಕದ ಕುರ್ಚಿ

ಕೇಳುಗರಿಗೆ ನಮಸ್ಕಾರ.

ಧರ್ಮಗುರುಗಳನ್ನು ತಯಾರು ಮಾಡುವ ಶಾಲೆ ಎಂದರೆ ಸಾಮಾನ್ಯವಾಗಿ ಒಂದು ಮತಕ್ಕೆ ಒಂದು ಶಾಲೆ. ಬೇರೆಬೇರೆ ಮತದವರು ಒಂದೇ ತರಗತಿಯಲ್ಲಿ ಕೂತು ಈ ವೃತ್ತಿ ಕಲಿಯುವ ಶಾಲೆಗಳೂ ಉಂಟು. ಕ್ಯಾಲಿಫೋರ್ನಿಯಾದ ಸ್ಟಾರ್ ಕಿಂಗ್ ಶಾಲೆ ಅಂಥದ್ದು. 1904ರಲ್ಲಿ ಯೂನಿಟೇರಿಯನ್ ಪಂಥದವರು, ಅಂದರೆ ದೇವರು ಒಬ್ಬನೇ ಎಂದು ಒತ್ತಿ ಹೇಳುವ ಕ್ರೈಸ್ತ ಮೂಲದ ಪಂಥದವರು, ಅದನ್ನು ಕಟ್ಟಿದರು. ಥಾಮಸ್ ಸ್ಟಾರ್ ಕಿಂಗ್ ಅವರ ಹೆಸರು ಬಂದದ್ದು 1941ರಲ್ಲಿ. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಊರೂರು ಸುತ್ತಿ ಭಾಷಣ ಮಾಡಿ, ಗಾಯಾಳು ಸೈನಿಕರ ಆರೈಕೆಗೆ ಹಣ ಕೂಡಿಸಿ, 39ನೇ ವಯಸ್ಸಿಗೇ ತೀರಿಕೊಂಡ ಪಾದ್ರಿ ಅವರು.

ಕ್ಯಾಲಿಫೋರ್ನಿಯಾದ ಬರ್ಕ್ಲಿ ಊರಿನಲ್ಲಿ 1962ರಲ್ಲಿ ಹುಟ್ಟಿದ ಧರ್ಮಶಾಸ್ತ್ರ ಶಾಲೆಗಳ ಒಕ್ಕೂಟದಲ್ಲಿ ಈ ಶಾಲೆಯೂ ಸೇರಿದೆ. ಹಾಗಾಗಿ ಇಲ್ಲಿಯ ವಿದ್ಯಾರ್ಥಿಗೆ ಕ್ಯಾಥೊಲಿಕ್ ಸನ್ಯಾಸಿಗಳಾದ ಜೆಸ್ಯುಟರ ತರಗತಿಯಲ್ಲೂ ಬೌದ್ಧರ ತರಗತಿಯಲ್ಲೂ ಕೂರುವ ದಾರಿ ಇದೆ. ಇಸ್ಲಾಂ, ಯಹೂದಿ ಮತ್ತು ಹಿಂದೂ ಪರಂಪರೆಗಳನ್ನು ಆಯಾ ಪರಂಪರೆ ಬಲ್ಲವರಿಂದಲೇ ಕಲಿಯಬಹುದು.

ಪುಸ್ತಕದ ಓದು ಅಲ್ಲಿಗೆ ಸಾಕು. ಕಷ್ಟದ ಕಲಿಕೆ ಇರುವುದು ಆಸ್ಪತ್ರೆಯಲ್ಲಿ. ರೋಗಿಗಳಿಗೂ ಮನೆಯವರಿಗೂ ಮಾತಿನ ಆಸರೆ ಕೊಡುವ ಧರ್ಮಸೇವಕರನ್ನು ಅಲ್ಲಿ ಚಾಪ್ಲೇನ್ ಎನ್ನುತ್ತಾರೆ. ಅವರ ತರಬೇತಿಯ ಒಂದು ಯೂನಿಟ್ ಎಂದರೆ 400 ಗಂಟೆ. ಅದರಲ್ಲಿ ಕನಿಷ್ಠ 100 ಗಂಟೆ ಪಾಠ ಮತ್ತು ಚರ್ಚೆ, ಉಳಿದದ್ದು ವಾರ್ಡಿನ ಕೆಲಸ. ವೃತ್ತಿಯ ಪೂರ್ಣ ಪ್ರಮಾಣಪತ್ರಕ್ಕೆ ಅಂಥ ನಾಲ್ಕು ಯೂನಿಟ್ ಬೇಕು.

ಈ ತರಬೇತಿಯ ಜೀವಾಳ ‘ವರ್ಬೇಟಿಮ್’ ಎಂಬ ಬರಹ. ವಾರ್ಡಿನಲ್ಲಿ ನೋಟ್‌ಬುಕ್ ತೆರೆಯುವಂತಿಲ್ಲ. ಹೊರಗೆ ಬಂದ ಮೇಲೆ, ನೆನಪು ಆರುವ ಮೊದಲು, ರೋಗಿ ಆಡಿದ್ದನ್ನೂ ತಾನು ಆಡಿದ್ದನ್ನೂ ನಾಟಕದ ಸಂಭಾಷಣೆಯಂತೆ ಸಾಲಾಗಿ, ಸಂಖ್ಯೆ ಹಾಕಿ ಬರೆಯಬೇಕು. ರೋಗಿಯ ಹೆಸರು ಬರೆಯಕೂಡದು. ಸುಮ್ಮನಿದ್ದ ಹೊತ್ತು, ಬಿಕ್ಕಿ ಅತ್ತದ್ದು, ಗೋಡೆಯ ಕಡೆ ತಿರುಗಿದ ಮುಖ, ಎಲ್ಲವೂ ಅದರಲ್ಲಿ ಬರಬೇಕು. ಆಮೇಲೆ ಆರೇಳು ಜನರ ಗುಂಪಿನಲ್ಲಿ ಅದನ್ನು ಓದುತ್ತಾರೆ.

ತಪ್ಪು ಸಿಕ್ಕಿಬೀಳುವುದು ಅಲ್ಲೇ. “ನನಗೆ ಭಯ ಆಗ್ತಿದೆ” ಎಂದು ರೋಗಿ ಹೇಳುತ್ತಾರೆ, ಮರುಸಾಲಿನಲ್ಲೇ ವಿದ್ಯಾರ್ಥಿ “ಬನ್ನಿ, ಪ್ರಾರ್ಥನೆ ಮಾಡೋಣ” ಎಂದಿರುತ್ತಾರೆ. ಭಯ ರೋಗಿಯದಾದರೂ ಅದರಿಂದ ಓಡಿಹೋದವರು ವಿದ್ಯಾರ್ಥಿ. “ಯಾವುದಕ್ಕೆ ಭಯ?” ಎಂದು ಕೇಳಿ, ಬಾಯಿ ಮುಚ್ಚಿ ಕೂರಬೇಕಿತ್ತು. ಈ ಒಂದು ಸಾಲನ್ನು ಗುರುತಿಸಲು ಕಲಿತವರು ಅರ್ಧ ವಿದ್ಯೆ ಕಲಿತಂತೆ ಎಂದೇ ನನ್ನ ಎಣಿಕೆ.

ಸರ್ವಧರ್ಮ ಪ್ರಾರ್ಥನೆಯಲ್ಲಿ ಆಗುವ ತಪ್ಪೇ ಬೇರೆ. ಕುರಾನಿನ ಒಂದು ಸಾಲು, ಗೀತೆಯ ಒಂದು ಸಾಲು, ಬೈಬಲಿನ ಒಂದು ಸಾಲು ಸೇರಿಸಿದರೆ ಕಲಸುಮೇಲೋಗರವಾಗುತ್ತದೆ, ಯಾರ ಪ್ರಾರ್ಥನೆಯೂ ಆಗುವುದಿಲ್ಲ. ಒಂದು ದಿನ ಒಂದು ಪರಂಪರೆಯವರು ತಮ್ಮ ವಿಧಿಯನ್ನು ಪೂರ್ತಿಯಾಗಿ ನಡೆಸಿ, ಉಳಿದವರು ಅತಿಥಿಗಳಾಗಿ ಕೂರುವುದು ಮೇಲು. ಎಲ್ಲಿ ಜೊತೆಗೂಡಬಹುದು, ಎಲ್ಲಿ ಸುಮ್ಮನೆ ನಿಂತರೆ ಸಾಕು ಎಂಬುದನ್ನು ಮೊದಲೇ ತಿಳಿಸಿರಬೇಕು.

ಇನ್ನು ಸಾವಿನ ಹೊತ್ತು. ಮುಸ್ಲಿಮರಲ್ಲಿ ದಫನಕ್ಕೆ ತಡಮಾಡುವುದಿಲ್ಲ. ಯಹೂದಿ ಸಂಪ್ರದಾಯದಲ್ಲಿ ಶವವನ್ನು ಒಂಟಿಯಾಗಿ ಬಿಡುವುದಿಲ್ಲ. ಹಿಂದೂ ಮನೆಯವರು ಬಾಯಿಗೆ ಗಂಗಾಜಲ ಬಿಡಲು ಕೇಳಬಹುದು. ಈ ಪಟ್ಟಿಯನ್ನು ಬಾಯಿಪಾಠ ಮಾಡಿದವರೂ ಎಡವುತ್ತಾರೆ, ಏಕೆಂದರೆ ಒಂದೇ ಮತದ ಎರಡು ಮನೆಗಳಲ್ಲಿ ರೂಢಿ ಒಂದೇ ಇರುವುದಿಲ್ಲ. ಆದ್ದರಿಂದ ಚಾಪ್ಲೇನ್ ಮೊದಲು ಕುರ್ಚಿ ಎಳೆದುಕೊಂಡು, ರೋಗಿಯ ಕಣ್ಣಿನ ಮಟ್ಟಕ್ಕೆ ಕೂತು, ಮನೆಯವರನ್ನು ಕೇಳುತ್ತಾರೆ: “ನಿಮ್ಮ ಮನೆಯಲ್ಲಿ ಹೇಗೆ ಮಾಡ್ತೀರಿ?”