ಶಾಂಪೇನಿನ ರುಚಿ ಹುಟ್ಟುವುದು ನೆಲದಡಿಯಲ್ಲಿ

ಮೆಟ್ಟಿಲು ಇಳಿಯುತ್ತಿದ್ದ ಹಾಗೆ ಚಳಿ ಹತ್ತಿಕೊಳ್ಳುತ್ತದೆ. ಮೇಲೆ ಫ್ರಾನ್ಸಿನ ರೀಮ್ಸ್ ಊರು, ಒಳ್ಳೆ ಬಿಸಿಲು. ಇಲ್ಲಿ ಕೆಳಗೆ 10 ಡಿಗ್ರಿಯ ಆಸುಪಾಸು, ವರ್ಷಪೂರ್ತಿ ಹೀಗೇ. ಗೋಡೆ ನೋಡಿ, ಎಷ್ಟು ಬೆಳ್ಳಗಿದೆ ಅಲ್ವಾ? ಮುಟ್ಟಿದರೆ ಬೆರಳಿಗೆ ಪುಡಿ ಅಂಟುತ್ತದೆ. ಸೀಮೆಸುಣ್ಣದ ಕಲ್ಲು ಇದು. ನೂರಾರು ವರ್ಷಗಳ ಹಿಂದೆ ಮನೆ ಕಟ್ಟಲು ಕಲ್ಲು ಅಗೆದು ತೆಗೆದರು, ಉಳಿದ ಗವಿಗಳಲ್ಲಿ ಆಮೇಲೆ ವೈನ್ ಇಟ್ಟರು. 2015ರಲ್ಲಿ, ಗುಳ್ಳೆಯ ವೈನಿಗೆ ಹೆಸರು ಕೊಟ್ಟ ಈ ಶಾಂಪೇನ್ ನಾಡಿನ ಗುಡ್ಡಗಳು, ವೈನ್ ಮನೆಗಳು, ಈ ಗವಿಗಳು ಎಲ್ಲ ಸೇರಿ ಯುನೆಸ್ಕೋದ ವಿಶ್ವ ಪರಂಪರೆ ಪಟ್ಟಿಗೆ ಬಂದವು.

ನಮ್ಮಲ್ಲಿ ಶಾಂಪೇನ್ ಅಂದರೆ ಬಾಟಲಿ ಅಲ್ಲಾಡಿಸಿ ನೊರೆ ಚಿಮ್ಮಿಸುವುದು. ಕ್ರಿಕೆಟ್ ಕಪ್ ಗೆದ್ದಾಗ, ಮದುವೆ ಪಾರ್ಟಿಯಲ್ಲಿ ನೋಡಿರುತ್ತೀರಿ. ನನಗೆ ಅದು ನೋಡಿದರೆ ಸಂಕಟವಾಗುತ್ತದೆ. ಆ ಬಾಟಲಿಯಲ್ಲಿ ಎಷ್ಟು ಜನರ ಕೈ, ಎಷ್ಟು ವರ್ಷಗಳ ಕಾಯುವಿಕೆ ಇದೆ ಅಂತ ಈ ವಿಡಿಯೋದಲ್ಲಿ ತೋರಿಸಬೇಕು ಅನ್ನಿಸಿತು.

ಇದು ಚಳಿಯ ನಾಡು. ದ್ರಾಕ್ಷಿ ಪೂರ್ತಿ ಸಿಹಿಯಾಗುವುದಿಲ್ಲ, ಹುಳಿ ಉಳಿದುಬಿಡುತ್ತದೆ. ಹಿಂದೆಲ್ಲ ರಸ ಹುದುಗುತ್ತಿರುವಾಗಲೇ ಚಳಿಗಾಲ ಬಂದು ಹುದುಗುವುದು ನಿಂತುಹೋಗುತ್ತಿತ್ತು. ವಸಂತದಲ್ಲಿ ಬಿಸಿಲು ಏರಿದಾಗ ಮತ್ತೆ ಶುರುವಾಗುತ್ತಿತ್ತು. ಅಷ್ಟರಲ್ಲಿ ವೈನ್ ಬಾಟಲಿಗೆ ಹೋಗಿದ್ದರೆ ಗುಳ್ಳೆ ಒಳಗೇ ಸಿಕ್ಕಿಕೊಂಡು ಬಾಟಲಿ ಒಡೆಯುತ್ತಿತ್ತು. ಗುಳ್ಳೆ ಆಗ ಒಂದು ದೋಷ. 1668ರಲ್ಲಿ ಓವಿಲೇರ್ ಮಠದ ವೈನ್ ಉಗ್ರಾಣ ನೋಡಿಕೊಳ್ಳಲು ಬಂದ ಸನ್ಯಾಸಿ ಡೋಮ್ ಪೆರಿನ್ಯೋ ಅವರೇ ಶಾಂಪೇನ್ ಕಂಡುಹಿಡಿದರು ಅನ್ನುವ ಕತೆ ಎಲ್ಲ ಕಡೆ ಇದೆ. ಅದು ಬರೀ ಕತೆ. ಅವರು ದುಡಿದದ್ದು ಬೇರೆ ಬೇರೆ ತೋಟದ ದ್ರಾಕ್ಷಿಯನ್ನು ಹದವಾಗಿ ಬೆರೆಸುವ ಕಲೆಗಾಗಿ. ಸಕ್ಕರೆ ಹಾಕಿ ವೈನಿಗೆ ಗುಳ್ಳೆ ತರುವ ಬಗ್ಗೆ 1662ರಲ್ಲೇ ಬರೆದವರು ಕ್ರಿಸ್ಟೋಫರ್ ಮೆರೆಟ್ ಎಂಬ ಇಂಗ್ಲಿಷ್ ವಿದ್ವಾಂಸ.

ನನ್ನ ಮನಸ್ಸು ಗೆದ್ದವರು ಮಾತ್ರ ಬಾರ್ಬ್ ನಿಕೋಲ್ ಕ್ಲಿಕೋ. 1805ರಲ್ಲಿ ಗಂಡ ತೀರಿಕೊಂಡಾಗ ಆಕೆಗೆ 27 ವರ್ಷ. ಮಡಿಲಲ್ಲಿ ಒಬ್ಬ ಮಗಳು. ಆ ಕಾಲದ ಫ್ರಾನ್ಸಿನಲ್ಲಿ ಮದುವೆಯಾದ ಹೆಣ್ಣು ಗಂಡನ ಒಪ್ಪಿಗೆ ಇಲ್ಲದೆ ವ್ಯಾಪಾರ ಮಾಡುವ ಹಾಗಿರಲಿಲ್ಲ. ವಿಧವೆಗೆ ಆ ಅವಕಾಶ ಇತ್ತು. ಆಕೆ ಮುಚ್ಚಿಹೋಗಬೇಕಿದ್ದ ಗಂಡನ ವೈನ್ ವ್ಯಾಪಾರವನ್ನು ಕೈಗೆ ತೆಗೆದುಕೊಂಡಳು. ಯುದ್ಧದ ಕಾಲ, ಬಂದರುಗಳು ಬಂದ್. ಆದರೂ 1814ರಲ್ಲಿ ಎಲ್ಲರಿಗಿಂತ ಮೊದಲು ರಷ್ಯಾಕ್ಕೆ ಹಡಗಿನಲ್ಲಿ ಬಾಟಲಿ ಕಳಿಸಿದಳು.

ಅವಳ ಮುಂದೆ ಇನ್ನೊಂದು ತೊಂದರೆ ಇತ್ತು. ಗುಳ್ಳೆ ಬರಲೆಂದು ಬಾಟಲಿಯೊಳಗೆ ಎರಡನೇ ಸಲ ಹುದುಗಿಸಿದಾಗ, ಹುದುಗು ಬರಿಸುವ ಯೀಸ್ಟ್ ಸತ್ತು ತಳದಲ್ಲಿ ಗಸಿಯಾಗಿ ಕೂರುತ್ತದೆ. ವೈನ್ ಮಂಕಾಗಿ ಕಾಣುತ್ತದೆ. ಗಸಿ ತೆಗೆಯಲು ಹೋದರೆ ಗುಳ್ಳೆಯೂ ಹೋಗುತ್ತದೆ. ಆಕೆ ಒಂದು ಮೇಜಿಗೆ ತೂತು ಕೊರೆಸಿ ಬಾಟಲಿಗಳನ್ನು ಅದರಲ್ಲಿ ತಲೆಕೆಳಗಾಗಿ ನಿಲ್ಲಿಸಿದಳು. ಆಗಾಗ ಒಂದಿಷ್ಟು ತಿರುಗಿಸಿದರೆ ಗಸಿ ಮೆಲ್ಲಗೆ ಜಾರಿ ಕುತ್ತಿಗೆಗೆ ಬರುತ್ತದೆ. ಕಾರ್ಕ್ ತೆಗೆದರೆ ಒಳಗಿನ ಒತ್ತಡಕ್ಕೆ ಗಸಿ ಮಾತ್ರ ಹೊರಗೆ ಹಾರುತ್ತದೆ. 1816ರ ಹೊತ್ತಿನ ಮಾತು ಇದು. ಈಗ ತಿರುಗಿಸುವ ಕೆಲಸ ಬಹುಪಾಲು ಯಂತ್ರದ್ದು, ಕುತ್ತಿಗೆಯನ್ನು ಹೆಪ್ಪುಗಟ್ಟಿಸಿ ಗಸಿ ತೆಗೆಯುತ್ತಾರೆ. ಉಪಾಯ ಅವಳದೇ.

ಈ ಗಸಿಯನ್ನು ಕಸ ಅಂದುಕೊಳ್ಳಬೇಡಿ. ರುಚಿ ಕೊಡುವುದೇ ಅದು. ಸತ್ತ ಯೀಸ್ಟ್ ನಿಧಾನವಾಗಿ ಕರಗಿ ವೈನಿಗೆ ಸೇರುತ್ತದೆ. ಸಾಮಾನ್ಯ ಶಾಂಪೇನ್ ಬಾಟಲಿಯಲ್ಲಿ ಕನಿಷ್ಠ 15 ತಿಂಗಳು ಇರಬೇಕು, ಅದರಲ್ಲಿ 12 ತಿಂಗಳು ಗಸಿಯ ಜೊತೆ. ಒಂದೇ ವರ್ಷದ ದ್ರಾಕ್ಷಿಯಿಂದ ಮಾಡಿದ ವಿಂಟೇಜ್ ಆದರೆ ಕನಿಷ್ಠ 3 ವರ್ಷ. ಇದು ಕಾನೂನು. ಒಳ್ಳೆಯ ವೈನ್ ಕಂಪನಿಗಳು ಇನ್ನೂ ಜಾಸ್ತಿ ಕಾಯುತ್ತವೆ.

ಈಗ ಗ್ಲಾಸಿಗೆ ಬರೋಣ. ಉದ್ದನೆಯ ಸಣಕಲು ಗ್ಲಾಸು ನೋಡಲು ಚಂದ, ಮೂಗಿಗೆ ಏನೂ ಸಿಗುವುದಿಲ್ಲ. ಹೊಟ್ಟೆ ಅಗಲ, ಬಾಯಿ ಕಿರಿದು ಇರುವ ವೈನ್ ಗ್ಲಾಸು ತೆಗೆದುಕೊಳ್ಳಿ. 8ರಿಂದ 10 ಡಿಗ್ರಿ ತಂಪು ಸಾಕು. ಐಸಿನಂತೆ ತಣ್ಣಗಿದ್ದರೆ ನಾಲಿಗೆ ಮರಗಟ್ಟುತ್ತದೆ. ಮೊದಲು ಬರುವುದು ಹಸಿರು ಸೇಬು, ನಿಂಬೆ ಸಿಪ್ಪೆಯ ವಾಸನೆ. ಐದು ನಿಮಿಷ ಬಿಡಿ. ಬೆಳಿಗ್ಗೆ ಅಯ್ಯಂಗಾರ್ ಬೇಕರಿ ಮುಂದೆ ನಡೆದುಹೋದಾಗ ಬರುವ ಬನ್ನಿನ ಘಮ ಏಳುತ್ತದೆ. ಅದು ಗಸಿಯ ಕೊಡುಗೆ. ಶಾರ್ಡೊನೆ ದ್ರಾಕ್ಷಿ ಒಂದರಿಂದಲೇ ಮಾಡಿದ್ದಾದರೆ ಹುಳಿ ಚುರುಕು. ಕಪ್ಪು ಸಿಪ್ಪೆಯ ಪಿನೋ ನುವಾರ್ ಜಾಸ್ತಿ ಇದ್ದರೆ ಬಾಯಿ ತುಂಬುತ್ತದೆ.

ಸಿಹಿ ಎಷ್ಟು ಅಂತ ಲೇಬಲ್ ಹೇಳುತ್ತದೆ. ಬ್ರೂಟ್ ಅಂದರೆ ಲೀಟರಿಗೆ 12 ಗ್ರಾಂಗಿಂತ ಕಡಿಮೆ ಸಕ್ಕರೆ. ಹಿಂದೆ ರಷ್ಯಾದವರು 100 ಗ್ರಾಂ ದಾಟಿದ ಸಿಹಿ ಕೇಳುತ್ತಿದ್ದರು. ಲೂಯಿಸ್ ಪೊಮ್ಮರಿ ಎಂಬ ಇನ್ನೊಬ್ಬ ವಿಧವೆ 1874ರ ಬೆಳೆಯಿಂದ ಇಂಗ್ಲೆಂಡಿಗಾಗಿ ಬ್ರೂಟ್ ಮಾಡಿ ಆ ರುಚಿಯನ್ನೇ ಬದಲಿಸಿದಳು. ಸಿಹಿ ಕಡಿಮೆಯಾದರೆ ವೈನಿನ ತಪ್ಪು ಮುಚ್ಚಲು ಜಾಗವಿಲ್ಲ. ಹಾಗಾಗಿ ನನಗೆ ಬ್ರೂಟ್ ಮೇಲೇ ಗೌರವ.

ಇದೇ ಗವಿಗಳಲ್ಲಿ ಮೊದಲ ಮಹಾಯುದ್ಧದಲ್ಲಿ ಊರ ಜನ ಬದುಕಿದರು. ಮೇಲೆ ಶೆಲ್ ಬೀಳುತ್ತಿತ್ತು, ಕೆಳಗೆ ಮಕ್ಕಳಿಗೆ ಶಾಲೆ ನಡೆಯುತ್ತಿತ್ತು. ಬಾಟಲಿಗಳ ಸಾಲಿನ ನಡುವೆ ನಿಂತು ಇದನ್ನು ಕೇಳಿದಾಗ ನನಗೆ ಮಾತೇ ಹೊರಡಲಿಲ್ಲ.

ನಾಳೆ ಬೂಝಿ ಹಳ್ಳಿಗೆ ಹೊರಟಿದ್ದೇನೆ, ಪಿನೋ ನುವಾರ್‌ಗೆ ಹೆಸರಾದ ಊರು. ನಮಗೂ ಆ ಊರಿಗೂ ನಂಟಿದೆ. ನಂದಿ ಬೆಟ್ಟದ ಬಳಿ ಗ್ರೋವರ್ ದ್ರಾಕ್ಷಿ ತೋಟ ಶುರುವಾದಾಗ ಯಾವ ತಳಿ ನೆಡಬೇಕು ಅಂತ ಸಲಹೆ ಕೊಟ್ಟವರು ಬೂಝಿಯ ಜಾರ್ಜ್ ವೆಸೆಲ್. ಅಲ್ಲಿನ ಸಣ್ಣ ರೈತರು ತಮ್ಮದೇ ದ್ರಾಕ್ಷಿಯಿಂದ ಮಾಡುವ ಶಾಂಪೇನನ್ನು ಮುಂದಿನ ಭಾಗದಲ್ಲಿ ರುಚಿ ನೋಡೋಣ.