ಸೈನಿಕನ ಜೇಬಿನ ಮಡಚು ಚಾಕು

ಕೇಳುಗರಿಗೆ ನಮಸ್ಕಾರ.

ಬಳ್ಳಾರಿಯವರಿಗೆ ಕಬ್ಬಿಣ ಅಂದರೆ ಏನು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ. ಸಂಡೂರಿನ ಗುಡ್ಡಗಳಲ್ಲಿ ಅದಿರು, ತೋರಣಗಲ್ಲಿನಲ್ಲಿ ಉಕ್ಕಿನ ಕಾರ್ಖಾನೆ. ಕಬ್ಬಿಣ ಬರುವ ಮೊದಲೇ ಸಂಗನಕಲ್ಲಿನ ಜನ ಕಲ್ಲಿನ ಕೊಡಲಿಗಳನ್ನು ರಾಶಿಗಟ್ಟಲೆ ಮಾಡುತ್ತಿದ್ದರು. ಅಂಥ ನೆಲದಲ್ಲಿ ಕೂತು ಇವತ್ತು ಸೈನಿಕರ ಮಡಚು ಚಾಕಿನ ಬಗ್ಗೆ ಮಾತಾಡುತ್ತೇನೆ. ಅದರಲ್ಲೂ ಕೈಯಲ್ಲೇ ಮಾಡುವ ಚಾಕಿನ ಬಗ್ಗೆ.

ಇದು ಹೊಡೆದಾಟಕ್ಕೆ ಅಂತ ಬಹಳ ಜನ ತಿಳಿದಿದ್ದಾರೆ. ನಿಜವಾಗಿ ಇದು ಹಗ್ಗ ಕೊಯ್ಯಲು, ಪಟ್ಟಿ ಕತ್ತರಿಸಲು, ಗಾಯಾಳುವಿನ ಬಟ್ಟೆ ಸೀಳಲು ಬೇಕು. 1891ರಲ್ಲಿ ಸ್ವಿಸ್ ಸೈನಿಕರ ಕೈಗೆ ಬಂದ ಚಾಕಿನಲ್ಲಿ ಸ್ಕ್ರೂಡ್ರೈವರ್ ಇತ್ತು, ಬಂದೂಕು ಬಿಚ್ಚಲಿಕ್ಕೆ. ಡಬ್ಬಿ ತೆರೆಯುವ ಅಲಗೂ ಇತ್ತು.

ಎರಡನೇ ಮಹಾಯುದ್ಧದ ಜರ್ಮನ್ ಪ್ಯಾರಾಚೂಟ್ ಸೈನಿಕರ ಚಾಕು ಇನ್ನೂ ಸ್ವಾರಸ್ಯವಾದದ್ದು. ಹಾರಿದವನು ಮರಕ್ಕೆ ಸಿಕ್ಕಿಬಿದ್ದರೆ ಒಂದು ಕೈ ಮಾತ್ರ ಖಾಲಿ ಇರಬಹುದು, ಅಲ್ವಾ? ಅವನು ಹಿಡಿಯ ಸನ್ನೆಕೋಲು ಒತ್ತಿ ಚಾಕನ್ನು ಕೆಳಮುಖ ಮಾಡಿದರೆ ಸಾಕು, ಅಲಗು ತನ್ನ ಭಾರಕ್ಕೇ ಜಾರಿ ಹೊರಬರುತ್ತಿತ್ತು. ಒಂದೇ ಕೈಯಲ್ಲಿ ಹಗ್ಗ ಕೊಯ್ದು ಇಳಿಯಬಹುದಿತ್ತು. ಒಂದೇ ಕೈಯಲ್ಲಿ ತೆರೆಯಬೇಕು ಅನ್ನುವ ಆ ಬೇಡಿಕೆ ಇವತ್ತಿಗೂ ಹಾಗೇ ಇದೆ. ಈಗಿನ ಚಾಕುಗಳ ಅಲಗಿನ ಮೇಲೆ ಹೆಬ್ಬೆರಳಿಗೆ ಸಿಗುವ ಗುಬಟೋ ತೂತೋ ಇರುವುದು ಅದಕ್ಕೇ.

ತೆರೆದರೆ ಮುಗಿಯಲಿಲ್ಲ. ಒತ್ತಿದಾಗ ಮಡಚಿಕೊಂಡರೆ ಬೆರಳೇ ಹೋಗುತ್ತದೆ. 1980ರ ದಶಕದ ಆರಂಭದಲ್ಲಿ ಅಮೆರಿಕದ ಚಾಕು ತಯಾರಕ ಮೈಕಲ್ ವಾಕರ್, ತೆರೆದ ಅಲಗನ್ನು ಮಡಚದಂತೆ ಹಿಡಿಯುವ ಲೈನರ್ ಲಾಕ್ ಅನ್ನುವ ಬೀಗವನ್ನು ಈಗಿನ ರೂಪಕ್ಕೆ ತಂದರು. ಹಿಡಿಯ ಒಳಗಿನ ತೆಳು ಪಟ್ಟಿ ಸ್ಪ್ರಿಂಗಿನಂತೆ ಸರಿದು ಅಲಗಿನ ಬುಡಕ್ಕೆ ಆನಿಕೊಳ್ಳುತ್ತದೆ. ಆಮೇಲೆ ಕ್ರಿಸ್ ರೀವ್ ಅನ್ನುವ ಇನ್ನೊಬ್ಬ ಚಾಕು ತಯಾರಕರು ಟೈಟಾನಿಯಂ ಹಿಡಿಯ ಒಂದು ಬದಿಯನ್ನೇ ಬೀಗ ಮಾಡಿದರು. ಹಿಡಿ ಬಿಗಿಯಾಗಿ ಹಿಡಿದಷ್ಟೂ ಬೀಗ ಗಟ್ಟಿ. ನನಗೆ ಇದಕ್ಕಿಂತ ಸರಳವಾದ ಜಾಣತನ ಕಂಡಿಲ್ಲ. ಆದರೆ ಬೀಗ ಆನಿಕೊಳ್ಳುವ ಜಾಗದ ಓರೆ ಕೂದಲೆಳೆಯಷ್ಟು ತಪ್ಪಿದರೂ ಅದು ಜಾರುತ್ತದೆ. ಅರದಿಂದ ಸ್ವಲ್ಪ ತೀಡಿ, ಕೂಡಿಸಿ ನೋಡಿ, ಮತ್ತೆ ತೀಡಬೇಕು. ಕೈಕೆಲಸಕ್ಕೆ ಬೆಲೆ ಬರುವುದು ಇಲ್ಲೇ.

ಇನ್ನು ಹದ. ನಮ್ಮ ಕುಲುಮೆಗಳಲ್ಲಿ ಲಾರಿಯ ಹಳೇ ಸ್ಪ್ರಿಂಗ್ ಪಟ್ಟಿಯಿಂದ ಕುಡುಗೋಲು, ಮಚ್ಚು ಮಾಡುತ್ತಾರೆ. ಆ ಉಕ್ಕು ಚಾಕಿಗೂ ಆಗುತ್ತದೆ. ಅಯಸ್ಕಾಂತ ಅಂಟದಷ್ಟು ಕೆಂಪಗೆ ಕಾಯಿಸಿ, ಇನ್ನೂ ಸ್ವಲ್ಪ ಕಾವು ಕೊಟ್ಟು, ಎಣ್ಣೆಯಲ್ಲಿ ಅದ್ದಬೇಕು. ಆಗ ಅಲಗು ಗಡುಸಾಗುತ್ತದೆ, ಆದರೆ ಬಿದ್ದರೆ ಒಡೆಯುವಷ್ಟು ಪೆಡಸು. ಸುಮಾರು 200 ಡಿಗ್ರಿಯಲ್ಲಿ ಮತ್ತೆ ಕಾಯಿಸಿದರೆ ಉಜ್ಜಿದ ಉಕ್ಕಿನ ಮೇಲೆ ಒಣಹುಲ್ಲಿನ ಬಣ್ಣ ಏರುತ್ತದೆ. ಅಲ್ಲಿಗೆ ನಿಲ್ಲಿಸಬೇಕು. ನಮ್ಮ ಕಮ್ಮಾರರು ಇದನ್ನು ಕಣ್ಣಲ್ಲೇ ಅಳೆಯುತ್ತಾರೆ. ಐಟಿಐ ಓದಿದ ಫಿಟ್ಟರ್ ಹುಡುಗರಿಗೆ ಸಂದು ಬಿಡದೆ ತಿರುಗಣೆ ಕೂಡಿಸುವುದು ಗೊತ್ತು. ಇಬ್ಬರೂ ಒಂದೇ ಮೇಜಿಗೆ ಬಂದರೆ ಒಳ್ಳೆ ಮಡಚು ಚಾಕು ಇಲ್ಲೇ ಹುಟ್ಟುತ್ತದೆ ಅಂತ ನಾನು ಗಟ್ಟಿಯಾಗಿ ನಂಬಿದ್ದೇನೆ.

ಕಲಿಯುವವರು ಮೊದಲು ಮಡಚದ ಸಣ್ಣ ಚಾಕು ಮಾಡಿ. ಬೀಗದ ಕೆಲಸ ಆಮೇಲೆ. ಮಾಡಿದ ಬೀಗ ಪರೀಕ್ಷಿಸುವಾಗ ಅಲಗಿನ ಬೆನ್ನನ್ನು ಮರದ ತುಂಡಿಗೆ ಮೆಲ್ಲಗೆ ತಟ್ಟಿ ನೋಡಿ. ಆಗ ಅಲಗು ಮಡಚುವ ದಾರಿಯಲ್ಲಿ ಬೆರಳು ಇಡಬೇಡಿ.

ನಮಸ್ಕಾರ.